ಬಾಯಿ ತೆಗಿ ಅತ್ತೆ

ತಾರಸಿಯ ಮೆಟ್ಟಿಲು ಹತ್ತುವಾಗಲೇ ಸೊಸೆಗೆ ಗೊತ್ತು, ಅತ್ತೆಯ ಕೈಯಲ್ಲಿ ತನಗಾಗಿ ಒಂದು ಎಲೆ ಕಾದಿರುತ್ತದೆ ಎಂದು. ಒಡೆದ ಬಕೆಟ್ಟು, ಹಿಡಿ ಮುರಿದ ಕುಕ್ಕರು, ಮಾವನ ಹಳೇ ಹೆಲ್ಮೆಟ್ಟು, ಹೀಗೆ ಮಣ್ಣು ಹಿಡಿಯುವಂಥದ್ದು ಏನೇ ಸಿಕ್ಕಿದರೂ ಅದರಲ್ಲಿ ಸೊಪ್ಪು ಬೆಳೆಸದೆ ಬಿಟ್ಟವರಲ್ಲ ಅತ್ತೆ. ತಾನಾಗೇ ಹುಟ್ಟಿದ ಗಣಿಕೆ ಗಿಡವನ್ನು ಯಾರಾದರೂ ಕಳೆ ಅಂದರೋ, ಮುಗಿಯಿತು: "ಕಳೆಯಂತೆ ಕಳೆ! ನಿಮ್ಮಜ್ಜ ಹುಟ್ಟೋಕೆ ಮುಂಚೇನೇ ಇದು ಈ ಊರಲ್ಲಿತ್ತು!" ಮೀಟರ್ ನೋಡಲು ಬಂದವನಿರಲಿ, ಸೂರು ಸೋರುತ್ತಿದೆ ಎಂದು ಜಗಳಕ್ಕೆ ಬಂದ ಕೆಳಮನೆಯವರಿರಲಿ, ಎಲ್ಲರಿಗೂ ಒಂದೇ ಆಜ್ಞೆ: "ಮೊದಲು ಬಾಯಿ ತೆಗೀರಿ." ಕೆಳಮನೆಯವರಂತೂ ಬಂದ ಕೆಲಸ ಮರೆತು, ಒಂದು ಕಂತೆ ಬಸಳೆ ಹಿಡಿದು ಇಳಿದು ಹೋಗಿದ್ದರು. ಎಲೆ ತಿನ್ನಿಸಿದ ಮೇಲೆ ಅತ್ತೆ ಕಣ್ಣು ಮಿಟುಕಿಸದೆ ತಿಂದವರ ಮುಖವನ್ನೇ ನೋಡುತ್ತಾರೆ. ಹೊಗಳಿಸಿಕೊಳ್ಳುವ ಆಸೆ ಎಂದುಕೊಂಡಿದ್ದಳು ಸೊಸೆ, ಮೊನ್ನೆ ಅವರ ಜೊತೆ ಡಾಕ್ಟರ ಹತ್ತಿರ ಹೋಗುವವರೆಗೆ. ಹಳೇ ಜ್ವರವೊಂದು ಅತ್ತೆಯ ನಾಲಿಗೆಯಿಂದ ರುಚಿಯನ್ನೆಲ್ಲ ಒರೆಸಿಕೊಂಡು ಹೋಗಿತ್ತಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇವತ್ತು ಹುಳಿಸೊಪ್ಪಿನ ಸರದಿ. ಸೊಸೆ ಎಂದಿಗಿಂತ ನಿಧಾನವಾಗಿ ಅಗಿದಳು, ಕಣ್ಣು ಕಿರಿದಾಗಿಸಿ ಮುಖವನ್ನೆಲ್ಲ ಹಿಂಡಿದಳು. ನೋಡುತ್ತಿದ್ದ ಅತ್ತೆ ಬಾಯಲ್ಲಿ ಊರಿದ ನೀರನ್ನು ನುಂಗಿ ಹೇಳಿದರು: "ಹ್ಞಾಂ! ಈ ಸಲ ಹುಳಿ ಚೆನ್ನಾಗಿದೆ."