ಪೀಪಿ ಕಲಿಸಿದ ಗಂಟು

ನಮ್ಮ ಲಾಂಡ್ರಿಯ ಮೇಲ್ವಿಚಾರಕನಿಗೆ ನಾವಿಟ್ಟ ಹೆಸರು ಪೀಪಿ. ಕೊರಳಲ್ಲಿ ಸದಾ ಒಂದು ಪ್ಲಾಸ್ಟಿಕ್ ಪೀಪಿ. ರೋಲರ್ ನಿಂತರೆ ಊದುತ್ತಿದ್ದ, ನೀರು ಕುಡಿಯಲು ಹೋದವಳು ಎರಡು ಗುಟುಕು ಹೆಚ್ಚು ಕುಡಿದರೂ ಊದುತ್ತಿದ್ದ. ಮನೆಯಲ್ಲಿ ಹೆಂಡತಿಯನ್ನೂ ಹೀಗೇ ಕರೀತಾನಾ ಅಂತ ಬೆನ್ನ ಹಿಂದೆ ನಗುತ್ತಿದ್ದೆವು. ಎದುರಿಗೆ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡೇ ಕೆಲಸ.

ಆಸ್ಪತ್ರೆಗಳ ಹಾಸುಬಟ್ಟೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ಜಾಗ ನಮ್ಮದು. ಒದ್ದೆ ಹಾಸಿನ ಎರಡು ತುದಿಯನ್ನು ಇಬ್ಬರು ಹಿಡಿದು ಬಿಸಿ ರೋಲರ್‌ಗೆ ಕೊಡಬೇಕು. ನಾನು ಎಡಕ್ಕೆ, ನನ್ನ ವಾರಗಿತ್ತಿ ಬಲಕ್ಕೆ. ರೋಲರ್ ಮುಂದೆ ಒಂದು ಅಡ್ಡಪಟ್ಟಿ ಇದೆ. ಅದಕ್ಕೆ ಕೈ ತಗುಲಿದರೆ ಯಂತ್ರ ನಿಲ್ಲುತ್ತದೆ. ಯಂತ್ರಕ್ಕೇನು ಗೊತ್ತು, ಬಟ್ಟೆಯ ದಪ್ಪ ಮಡಿಕೆ ತಗುಲಿದರೂ ನಿಲ್ಲುತ್ತದೆ. ನಿಂತ ಕೂಡಲೇ ಪೀಪಿ, ಆಮೇಲೆ ಇಡೀ ಕೋಣೆಯ ಕಣ್ಣು ನಮ್ಮ ಮೇಲೆ.

ಅದಕ್ಕೆ ಉಪಾಯ ಕಂಡುಹಿಡಿದವನೂ ಪೀಪಿಯೇ. ಒಂಬತ್ತು ವರ್ಷ ಅದೇ ರೋಲರ್‌ಗೆ ಬಟ್ಟೆ ಕೊಟ್ಟವನು ಅವನು. ಹರಿದ ಹಾಸಿನ ಅಂಚು ಸೀಳಿ, ಅಡ್ಡಪಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿಬಿಡುವುದು. ತಪಾಸಣೆಯವರು ಬಂದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. ಅದರಿಂದಲೇ ದಿನಕ್ಕೆ ಮುಗಿಯುವ ಹಾಸುಗಳು ಹೆಚ್ಚಾದವು, ಅವನಿಗೆ ಕುರ್ಚಿ ಸಿಕ್ಕಿತು. ಹೊಸಬರಿಗೆ ಮೊದಲ ಪಾಠವೇ ಅದು: "ಎರಡು ಸುತ್ತು, ಒಂದು ಕುಣಿಕೆ. ನೋಡ್ಕೊಂಡ್ಯಾ? ನಾನು ಕಲಿಸಿದ್ದು ಅಂತ ಎಲ್ಲೂ ಬಾಯಿ ಬಿಡಬೇಡ."

ಕಳೆದ ವರ್ಷ ಒಂದು ಬೆಳಿಗ್ಗೆ ವಾರಗಿತ್ತಿ ಪಟ್ಟಿ ಕಟ್ಟಿದಳು, ದಿನವೂ ಕಟ್ಟುವಂತೆ. ಹತ್ತು ಗಂಟೆಯ ಹೊತ್ತಿಗೆ ಹಾಸೊಂದರ ಮೂಲೆ ಮಡಚಿಕೊಂಡಿತು. ಬಿಡಿಸಲು ಕೈ ಚಾಚಿದಳು. ಚೀರಿದ್ದು ನಾನು. ಅವಳು "ಅಕ್ಕಾ, ನಿಲ್ಸು" ಅಂದಳಷ್ಟೆ. ನಾನು ಗುಂಡಿ ಒತ್ತುವಷ್ಟರಲ್ಲಿ ಬಲಗೈಯ ನಾಲ್ಕು ಬೆರಳು ಹೋಗಿದ್ದವು. ರೋಲರ್ ಯಾಕೆ ನಿಂತಿತು ಅಂತ ಆ ತುದಿಯಿಂದ ಪೀಪಿ ಊದುತ್ತಲೇ ಇದ್ದ.

ವಿಚಾರಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಪಟ್ಟಿ ಕಟ್ಟಿದ್ದು ಯಾರು? "ಅವಳೇ" ಎಂದ ಪೀಪಿ. ಸುಳ್ಳಲ್ಲವಲ್ಲ! ಕಲಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ನನ್ನನ್ನೂ ಕರೆದರು. "ನಾನೇನೂ ನೋಡ್ಲಿಲ್ಲ" ಎಂದೆ. ಥೂ, ನನ್ನ ಬಾಯಿಗಿಷ್ಟು! ತಪ್ಪು ಅವಳದೇ ಎಂದು ಕಾಗದವಾಯಿತು. ತಪ್ಪು ಅವಳದಲ್ಲದಿದ್ದರೆ, ಕೂತು ಹಾಸಿನ ಕಟ್ಟುಗಳಿಗೆ ಚೀಟಿ ಅಂಟಿಸುವ ಕೆಲಸ ಕೊಡಲೇಬೇಕೆಂಬ ನಿಯಮವಿತ್ತು. ಆ ಕಾಗದ ಅವಳನ್ನು ಮನೆಗೆ ಕಳಿಸಿತು.

ಆಮೇಲೆ ಪೀಪಿ ಬದಲಾದ. ಕೊರಳ ಪೀಪಿ ಕಾಣೆಯಾಯಿತು. ದಿನ ಬೆಳಿಗ್ಗೆ ತಾನೇ ಅಡ್ಡಪಟ್ಟಿ ಒತ್ತಿ ರೋಲರ್ ನಿಲ್ಲುತ್ತದಾ ಎಂದು ನೋಡುತ್ತಿದ್ದ. ನಿಂತು ನಿಂತು ಕಾಲು ಬಾತವರಿಗೆ ಸ್ಟೂಲು ತರಿಸಿದ. ಯಾರ ಮಗುವಿಗೆ ಜ್ವರ, ಯಾರ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಎಲ್ಲಾ ವಿಚಾರಿಸುತ್ತಿದ್ದ. "ದೇವರಂಥ ಮನುಷ್ಯ ಕಣ್ರೀ" ಎಂದಳು ಹೊಸಬಳೊಬ್ಬಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಒಳ್ಳೆಯತನ ಬಂದದ್ದು ನನ್ನ ವಾರಗಿತ್ತಿಯ ಬೆರಳಿನಿಂದ. ಹಾಗಂತ ಸ್ಟೂಲು ಬೇಡ ಎಂದೆನೇ? ಇಲ್ಲ, ಅದರ ಮೇಲೆಯೇ ಕೂತಿದ್ದೆ.

ಎಂಟು ತಿಂಗಳಾದ ಮೇಲೆ ಅವಳು ಬಂದಳು, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು. ಗಾಡಿಗೆ ಕಟ್ಟು ಹೇರುತ್ತಿದ್ದ ನನ್ನ ಪಕ್ಕದಲ್ಲೇ ಪೀಪಿ ಅವಳಿಗೆ ಕುರ್ಚಿ ತಂದು ಹಾಕಿದ.

"ಮಗಳನ್ನ ಕಳಿಸಮ್ಮ, ಇಲ್ಲೇ ಕೆಲಸ ಕೊಡಿಸ್ತೀನಿ. ನನ್ನ ಮಗಳ ಥರ ನೋಡ್ಕೋತೀನಿ."

"ಅದೇನೂ ಬೇಡ. ಒಂದು ಸಾಲು ಬರ್ಕೊಡಿ. ಗಂಟು ನೀವು ಕಲಿಸಿದ್ದು ಅಂತ."

"ಬರೆದ್ರೆ ನನ್ನನ್ನ ತೆಗೆದುಹಾಕ್ತಾರೆ. ಇವರೆಲ್ಲರ ಗತಿ? ನಾನಿದ್ರೆ ಪಟ್ಟಿ ಕಟ್ಟೋಕೆ ಬಿಡಲ್ಲ. ನನ್ನ ಜಾಗಕ್ಕೆ ಬರೋನು ಬಿಡ್ತಾನೆ."

"ನನ್ನ ಗತಿ?" ಎಂದಳು, ದನಿ ಎತ್ತದೆ. "ಹೆತ್ತ ಮಗಳೇ ಕೇಳ್ತಾಳೆ, ಅಷ್ಟೂ ಜ್ಞಾನ ಇರ್ಲಿಲ್ವಾ ನಿಂಗೆ ಅಂತ."

ಪೀಪಿ ನನ್ನ ಮುಖ ನೋಡಿದ. ನಾನು ಬಗ್ಗಿ ಇನ್ನೊಂದು ಕಟ್ಟು ಎತ್ತಿಕೊಂಡೆ.

ಮೂರು ದಿನ ಒದ್ದಾಡಿ ಅವನು ಬರೆದ. ಒಂದು ಸಾಲಲ್ಲ, ಎರಡು ಪುಟ. ಎಷ್ಟು ಜನಕ್ಕೆ ಕಲಿಸಿದ, ವಿಚಾರಣೆಯಲ್ಲಿ ಏನು ಮುಚ್ಚಿಟ್ಟ, ಬೆರಳು ಹೋದ ಹೊತ್ತಿನಲ್ಲಿ ಪೀಪಿ ಊದಿದ್ದು, ಎಲ್ಲವನ್ನೂ. ನನ್ನ ಹೆಸರು ಎಲ್ಲೂ ಬರೆದಿರಲಿಲ್ಲ. ಇನ್ನು ಮೇಲೆ ಆ ಮನುಷ್ಯನಿಗೆ ಬಹುವಚನ. ಅದೇ ವಾರ ಅವರನ್ನು ತೆಗೆದರು. ಹೋಗುವ ಮುಂಚೆ ಊಟದ ಡಬ್ಬಿ ಕಂಕುಳಲ್ಲಿಟ್ಟುಕೊಂಡೇ ಬಂದು ಅಡ್ಡಪಟ್ಟಿಯನ್ನು ಒಮ್ಮೆ ಒತ್ತಿ ನೋಡಿದರು. ವಾರಗಿತ್ತಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು.

ಹೊಸ ಮೇಲ್ವಿಚಾರಕ ಪೀಪಿ ಊದುವುದಿಲ್ಲ, ಕೂಗಾಡುವುದೂ ಇಲ್ಲ. ಯಾರ ರೋಲರ್ ದಿನಕ್ಕೆ ಎಷ್ಟು ಸಲ ನಿಂತಿತು ಎಂದು ಗೋಡೆಯ ಹಲಗೆಯ ಮೇಲೆ ಬರೆಸುತ್ತಾನೆ, ಹೆಚ್ಚು ಸಲ ನಿಲ್ಲಿಸಿದವರ ಹೆಸರು ಕೆಳಗೆ. ಮೊದಲ ವಾರ ನನ್ನ ಹೆಸರು ಎಲ್ಲರಿಗಿಂತ ಕೆಳಗಿತ್ತು. "ಕೆಳಗಿರೋರ ವಿಷಯ ತಿಂಗಳ ಕೊನೆಗೆ ನೋಡೋಣ" ಎಂದು ನಕ್ಕ. ನಾನೂ ನಕ್ಕೆ, ಹೊಟ್ಟೆಪಾಡು.

ನಿನ್ನೆ ಬೆಳಿಗ್ಗೆ ಹರಿದ ಹಾಸಿನ ಅಂಚು ಸೀಳಿದೆ. ಯಾರೂ ಹೇಳಿರಲಿಲ್ಲ. ಎರಡು ಸುತ್ತು, ಒಂದು ಕುಣಿಕೆ. ಚೀಟಿಯ ಮೇಜಿನಿಂದ ವಾರಗಿತ್ತಿ ನೋಡುತ್ತಿದ್ದಳು. ಎದ್ದು ಬಂದು, ಎಡಗೈಯಲ್ಲಿ ತುದಿ ಹಿಡಿದು ಎಳೆದಳು. ಗಂಟು ಬಿಚ್ಚಿಕೊಂಡಿತು. ಹೋಗಿ ತನ್ನ ಜಾಗದಲ್ಲಿ ಕೂತಳು.

ಅವಳು ಊಟಕ್ಕೆ ಎದ್ದು ಹೋಗುವವರೆಗೂ ಕಾದೆ. ಆಮೇಲೆ ಮತ್ತೆ ಕಟ್ಟಿದೆ.