ತಾರಸಿಯ ಪಾಲಿನ ನೀರು

ರಂಗಸ್ವಾಮಿ ಎಂಟು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗಿದ. ಶ್ರೀರಂಗಪಟ್ಟಣದಲ್ಲಿ ಒಂದು ಕಲ್ಯಾಣಮಂಟಪ, ಕೆ.ಆರ್. ಪೇಟೆಯಲ್ಲಿ ಒಂದು ಗೋದಾಮು, ನಾಗಮಂಗಲದ ಬಸ್ ನಿಲ್ದಾಣದ ಹಿಂದೆ ಅಂಗಡಿ ಸಾಲು. ಕಟ್ಟಡ ಏಳುವ ತನಕ ಅವನು ಸೂಪರ್‌ವೈಸರ್, ತಗಡಿನ ಶೆಡ್ಡಿನಲ್ಲಿ ಅವನಿಗೊಂದು ಮಂಚ. ಸುಣ್ಣಬಣ್ಣ ಮುಗಿದ ಮಾರನೆಯ ದಿನ ಮಂಚವೂ ಇಲ್ಲ, ಸೂಪರ್‌ವೈಸರಿಕೆಯೂ ಇಲ್ಲ. ಬೇರೆ ಕಸುಬಿನವರು ಕೆಲಸ ಕೆಡಿಸಿ ಮನೆಗೆ ಹೋಗುತ್ತಾರೆ, ಈ ಪುಣ್ಯಾತ್ಮ ಚೆನ್ನಾಗಿ ಮುಗಿಸಿ ಹೋಗುತ್ತಿದ್ದ.

ಹೆಂಡತಿ ಪುಟ್ಟಲಕ್ಷ್ಮಮ್ಮ ಮಗಳು ಚೈತನ್ಯಳ ಜೊತೆ ಅಕ್ಕಿಹೆಬ್ಬಾಳಿನ ತವರಿನಲ್ಲೇ ಉಳಿದಿದ್ದಳು. ಮದುವೆಯಾಗಿ ಏಳು ವರ್ಷವಾದರೂ ತನ್ನದು ಅಂತ ಒಂದು ಒಲೆ ಹೂಡಿದವಳಲ್ಲ. ಅತ್ತಿಗೆ ಇಲ್ಲದ ಹೊತ್ತು ನೋಡಿಕೊಂಡು ಗಂಡನಿಗೆ ಮುದ್ದೆ ತೊಳಸಬೇಕಾಗಿತ್ತು. ರಂಗಸ್ವಾಮಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ನಾಚಿಕೆಯಾಗುತ್ತಿತ್ತು.

ತೊಂಬತ್ತಾರರಲ್ಲಿ ಅದೃಷ್ಟ ಕಣ್ಣು ಬಿಟ್ಟಂತಾಯಿತು. ಪಾಂಡವಪುರದ ಕಂಟ್ರಾಕ್ಟರ್ ತಿಮ್ಮರಾಜು ಮೇಲುಕೋಟೆ ಬೆಟ್ಟದ ಕೆಳಗಿನ ಒಣಸೀಮೆಯಲ್ಲಿ ಒಂದು ಹಾಸ್ಟೆಲ್ ಕಟ್ಟಿಸುತ್ತಿದ್ದ. ಒಂದು ದಿನ ರಂಗಸ್ವಾಮಿಯನ್ನು ಜೀಪಿನ ಹತ್ತಿರ ಕರೆದ.

"ಲೇ ರಂಗಸ್ವಾಮಿ, ಇದೊಂದ ನೆಟ್ಟಗೆ ಎಬ್ಬುಸ್ಕೊಡ್ಲಾ. ಆಮ್ಯಾಕೆ ನೀನು ಎಲ್ಲೂ ಅಲೀಬ್ಯಾಡ. ನನ್ ಎಲ್ಲಾ ಕೆಲ್ಸ ನೋಡ್ಕೊಂಡು ಪಾಂಡವಪುರದಲ್ಲೇ ಇರು. ತಿಂಗ್ಳು ತಿಂಗ್ಳು ಸಂಬ್ಳ. ಆಪೀಸಿಂದೆ ಇರೋ ಮನೆ ನಿಂಗೇಯ."

ತಿಮ್ಮರಾಜು ಇವನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ರಂಗಸ್ವಾಮಿಯ ಅಪ್ಪ ಕುಳ್ಳಯ್ಯ ನಾಗಮಂಗಲ ಸೀಮೆಯ ಒಂದು ಊರಿನ ನೀರುಗಂಟಿ. ಕೆರೆಯ ತೂಬೆತ್ತಿ, ಗದ್ದೆಗದ್ದೆಗೆ ಅದರದರ ಪಾಲಿನ ನೀರು ಬಿಡುವುದು ಅವನ ವಂಶದ ಕೆಲಸ. ಮಗನಿಗೂ ಆ ಕೈ ಬಂದಿತ್ತು. ಕಾಂಕ್ರೀಟು ಹಾಕಿದ ಮಾರನೆಯ ದಿನ ತಾರಸಿಯ ಮೇಲೆ ಗಾರೆಯ ಸಣ್ಣ ಬದು ಕಟ್ಟಿ, ಪಾತಿ ಮಾಡಿ, ಮೂರು ವಾರ ನೀರು ನಿಲ್ಲಿಸಬೇಕು. ಕಾಂಕ್ರೀಟು ಗಟ್ಟಿಯಾಗುವುದು ಆ ನೀರಿನಿಂದಲೇ. ಬೇರೆಯವರು ಪೈಪಿನಲ್ಲಿ ಅಷ್ಟು ಚಿಮುಕಿಸಿ ಬೀಡಿ ಹಚ್ಚುತ್ತಿದ್ದರು. ರಂಗಸ್ವಾಮಿಯ ಪಾತಿ ಮಾತ್ರ ಭತ್ತದ ಸಸಿಮಡಿಯ ಹಾಗೆ ತುಂಬಿರುತ್ತಿತ್ತು. "ಇವ್ನ ಬುಟ್ರೆ ತಾರ್ಸಿ ಮ್ಯಾಲೆ ನಾಟಿ ಹಾಕ್ಬುಡ್ತಾನೆ" ಎಂದು ತಿಮ್ಮರಾಜು ನಗುತ್ತಿದ್ದ.

ಏಪ್ರಿಲ್ ಕೊನೆಗೆ ತಾರಸಿಗೆ ಕಾಂಕ್ರೀಟು ಬಿತ್ತು. ಕೆಳಗೆ ನಾಲೆಯ ಬಯಲಿನಲ್ಲಿ ಕಬ್ಬು ಹಸಿರಾಗಿದ್ದರೂ ಇಲ್ಲಿ ಕುಡಿಯುವುದಕ್ಕೂ ಕಷ್ಟ. ತಾರಸಿಗೆ ಅಂತಲೇ ಪಾಂಡವಪುರದಿಂದ ದಿನಕ್ಕೆ ಎರಡು ಟ್ಯಾಂಕರ್ ಬರುತ್ತಿತ್ತು. ನಾಲ್ಕನೆಯ ದಿನ ಪಕ್ಕದ ಹಟ್ಟಿಯ ಮಾದಮ್ಮ ಖಾಲಿ ಬಿಂದಿಗೆ ಹಿಡಿದು ಬಂದು ನಿಂತಳು. ಅವಳ ಹಿಂದೆ ನಾಲ್ಕೈದು ಹೆಂಗಸರು.

"ಅಣ್ಣ, ಕೈಪಂಪು ಕೆಟ್ಟೋಗದೆ. ರಿಪೇರಿಯೋರು ಬರ್ತೀವಿ ಬರ್ತೀವಿ ಅಂತಾವ್ರೆ. ಮಕ್ಳು ಬಾಯಾರ್ಕೊಂಡು ಕುಂತವೆ ಕಣಣ್ಣ. ಒಂದೊಂದು ಬಿಂದ್ಗೆ ಬುಡು."

ರಂಗಸ್ವಾಮಿ ಹಿಂದೆಮುಂದೆ ನೋಡಲಿಲ್ಲ. ನೀರುಗಂಟಿಯ ಮಗ ನೀರಿಲ್ಲ ಅನ್ನುವುದುಂಟೆ? ಪೈಪನ್ನು ಅವಳ ಬಿಂದಿಗೆಗೇ ಹಿಡಿದ. ಸಂಜೆಯ ಹೊತ್ತಿಗೆ ಹಟ್ಟಿಗೆ ಹಟ್ಟಿಯೇ ಬಂದಿತ್ತು. ಹೀಗೆ ಮೂರು ದಿನ ನಡೆಯಿತು. ಬಿಸಿಲು ಕೆಂಡ, ಬೆಟ್ಟದ ಕಡೆಯಿಂದ ಒಣಗಾಳಿ ಬೇರೆ. ಮಧ್ಯಾಹ್ನಕ್ಕೆಲ್ಲ ಪಾತಿಗಳು ಬತ್ತಿ ಬಿಳಿಚಿಕೊಳ್ಳುತ್ತಿದ್ದವು. ನಾಳೆ ಹೆಚ್ಚಿಗೆ ನಿಲ್ಲಿಸಿದರಾಯಿತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಒಮ್ಮೆ ಒಣಗಿದ್ದು ಆಮೇಲೆ ಎಷ್ಟು ನೀರು ನಿಲ್ಲಿಸಿದರೂ ಸರಿಹೋಗದು ಎಂದು ತಿಳಿದವನು ಹಾಗೆ ಹೇಳಿಕೊಂಡನಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದರ ಮಾರನೆಯ ದಿನ ಕೈಪಂಪು ಸರಿಯಾಯಿತು, ಹೆಂಗಸರು ಹರಸಿ ಹೋದರು.

ಮೂರು ವಾರ ಕಳೆದು ಇಂಜಿನಿಯರು ಬಂದರು. ತಾರಸಿಯ ತುಂಬ ನೀರು ನಿಲ್ಲಿಸಿ, ಕೆಳಗೆ ಹೋಗಿ ತಲೆ ಎತ್ತಿದರು. ಎರಡು ಕೋಣೆಗಳಲ್ಲಿ ಕೂದಲೆಳೆಯಂಥ ಬಿರುಕು, ಉದ್ದಕ್ಕೂ ಜಿನುಗು. ಆ ಎರಡು ಕೋಣೆಯ ತಾರಸಿ ಒಡೆದು ಮತ್ತೆ ಹಾಕಬೇಕು ಎಂದು ಬರೆದುಕೊಟ್ಟು ಹೋದರು.

ತಿಮ್ಮರಾಜು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ನಿನ್ ನಂಬ್ಕೊಂಡಿದ್ದೆ ಕಣ್ಲಾ" ಎಂದಷ್ಟೇ ಹೇಳಿ ಜೀಪು ಹತ್ತಿದ.

ರಂಗಸ್ವಾಮಿ ನೇರ ಅಪ್ಪನ ಹತ್ತಿರ ಹೋದ. ಜಗತ್ತಿನಲ್ಲಿ ಒಬ್ಬನಾದರೂ ಬೆನ್ನು ಸವರುತ್ತಾನೆ, ಅದು ಅಪ್ಪ ಎಂದು ಅವನ ನಂಬಿಕೆ. ಕುಳ್ಳಯ್ಯ ಕೆರೆ ಏರಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ.

"ಕುಡಿಯೋ ನೀರು ಕೇಳುದ್ರು, ಕೊಟ್ಟೆ. ತಪ್ಪಾ ಅಪ್ಪ?"

"ಯಾರ ಪಾಲು ಅದು?"

"ತಾರ್ಸೀದು."

"ತಾರ್ಸಿಗೆ ಬಾಯದಾ, ಬಂದು ಕೇಳಕ್ಕೆ? ಬಾಯಿದ್ದೋರು ಎಂಗೋ ಕೇಳ್ಕತಾರೆ. ಬಾಯಿಲ್ದೋರ ಪಾಲು ಕಾಯಕ್ಕೆ ಅಲ್ವೇನ್ಲಾ ನೀರುಗಂಟಿ ಇರಾದು? ಆ ಹೆಂಗುಸ್ರ ವಿಸ್ಯ ದಣೀಗೆ ಯೋಳಿ ಇನ್ನೊಂದು ಟ್ಯಾಂಕ್ರು ತರುಸ್ಬೇಕಾಗಿತ್ತು. ಒಬ್ರುದ್ನ ಕಿತ್ತು ಒಬ್ರಿಗೆ ಕೊಡಾದು ನಮ್ ಕಸುಬಲ್ಲ."

ರಂಗಸ್ವಾಮಿಗೆ ಕಪಾಳಕ್ಕೆ ಹೊಡೆದಂತಾಯಿತು. ತಿಮ್ಮರಾಜುವನ್ನು ಒಂದು ಮಾತು ಕೇಳಬಹುದಿತ್ತು, ಕೇಳಿರಲಿಲ್ಲ. ಕೇಳಿದರೆ ಕೈಲಾಗದವನು ಅಂದುಕೊಂಡಾರು, ಕೆಲಸ ಕೈ ತಪ್ಪೀತು ಎಂಬ ಹೆದರಿಕೆ ಒಳಗೆಲ್ಲೋ ಇತ್ತು.

ಮಾರನೆಯ ದಿನವೇ ತಿರುಗಿ ಬಂದು ತಿಮ್ಮರಾಜುವಿನ ಮುಂದೆ ನಿಂತ. ಸೂಪರ್‌ವೈಸರಿಕೆ ಬೇಡ, ಹೊಸ ತಾರಸಿಗೆ ನೀರು ಬಿಡುವ ಕೂಲಿ ಕೊಡಿ ಸಾಕು ಎಂದ. ತಿಮ್ಮರಾಜು ಹೂಂ ಅಂದ. ಹಳೆಯದನ್ನು ಸುತ್ತಿಗೆಯಿಂದ ಒಡೆಯುವಾಗ ರಂಗಸ್ವಾಮಿ ಅಲ್ಲೇ ನಿಂತು ನೋಡಿದ. ಹೊಸದು ಹಾಕಿದ ಮೇಲೆ ಇಪ್ಪತ್ತೊಂದು ದಿನ ತಾರಸಿ ಬಿಟ್ಟು ಇಳಿಯಲಿಲ್ಲ, ಊಟವೂ ಅಲ್ಲೇ.

ಒಂಬತ್ತನೆಯ ದಿನ ಮಾದಮ್ಮ ಮತ್ತೆ ಬಂದಳು. ಕೈಪಂಪು ಮತ್ತೆ ಕೆಟ್ಟಿತ್ತು. ಈ ಸಲ ಸೊಂಟದಲ್ಲಿ ಮಗುವೂ ಇತ್ತು.

"ಅಣ್ಣ" ಎಂದಳು.

ರಂಗಸ್ವಾಮಿ ತಲೆ ಅಲ್ಲಾಡಿಸಿದ. "ಇದು ತಾರ್ಸೀದು ಕಣವ್ವ. ದಣಿಗೋಳು ಸಾಯಂಕಾಲ ಬತ್ತಾರೆ, ಕೇಳ್ತೀನಿ."

ಅವಳು ನಂಬದವಳ ಹಾಗೆ ಮೇಲೆ ನೋಡಿದಳು. ಬೈಯಲಿಲ್ಲ. "ಇವತ್ತಿಲ್ವಂತೆ, ನಡೀರಿ" ಎಂದು ಹಿಂದಿದ್ದವರಿಗೆ ಹೇಳಿ ಹೊರಟಳು. ಸಂಜೆ ತಿಮ್ಮರಾಜು ಬರಲಿಲ್ಲ. ಮರುದಿನವೂ ಬರಲಿಲ್ಲ. ಹೆಂಗಸರೂ ಮತ್ತೆ ಬರಲಿಲ್ಲ.

ತಾರಸಿ ಒಂದು ಹನಿ ಜಿನುಗಲಿಲ್ಲ. ಇಂಜಿನಿಯರು ಸಹಿ ಹಾಕಿದರು. ಆಫೀಸಿನ ಹಿಂದಿನ ಮನೆಗೆ ಆಗಲೇ ಡಿಪ್ಲೊಮಾ ಮಾಡಿದ ಅಶೋಕ್ ಎಂಬ ಹೊಸ ಸೂಪರ್‌ವೈಸರ್ ಹಾಲು ಉಕ್ಕಿಸಿ ಸಂಸಾರ ಹೂಡಿದ್ದ. ರಂಗಸ್ವಾಮಿ ಕೂಲಿ ತೆಗೆದುಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದ.

ಅಕ್ಕಿಹೆಬ್ಬಾಳಿನಲ್ಲಿ ಪುಟ್ಟಲಕ್ಷ್ಮಮ್ಮ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿಟ್ಟಿದ್ದಳು. ಚೈತನ್ಯ ಪಾಂಡವಪುರದ ಸ್ಕೂಲಿಗೆ ಸೇರುತ್ತಾಳೆ ಎಂದು ಕೇರಿಗೆಲ್ಲ ಹೇಳಿಯೂ ಆಗಿತ್ತು. "ಯಾವಾಗ ಹೊರಡಾದು?" ಎಂದು ಬಾಗಿಲಲ್ಲೇ ಕೇಳಿದಳು.

ಅವನು ಜಗುಲಿಯ ಮೇಲೆ ಕೂತು ಒಂದನ್ನೂ ಬಿಡದೆ ಹೇಳಿದ. ಕೊಟ್ಟ ನೀರು, ಬಿರುಕು, ಅಪ್ಪನ ಮಾತು, ಕೊಡದ ನೀರು, ಅಶೋಕನ ಮನೆ. ಅವಳು ಗೋಣಿಚೀಲದ ಹೊಲಿಗೆ ಬಿಚ್ಚುತ್ತಾ ಕೇಳಿಸಿಕೊಂಡಳು. ಅಳುತ್ತಾಳೆ, ಇಲ್ಲ ಜಗಳ ತೆಗೆಯುತ್ತಾಳೆ ಎಂದು ಅವನು ಎರಡಕ್ಕೂ ತಯಾರಾಗಿ ಕೂತಿದ್ದ.

"ಅಲ್ಲಾ, ಆಯಮ್ಮಂಗೆ ಆಮ್ಯಾಕೆ ಎಲ್ಲಾರಾ ನೀರು ಸಿಕ್ತಾ?" ಎಂದಳು.

ಅವನಿಗೆ ಗೊತ್ತಿರಲಿಲ್ಲ. ಹನ್ನೆರಡು ದಿನ ಆ ಹಟ್ಟಿಯ ಎದುರಿಗೇ, ತುಂಬಿದ ನೀರಿನ ಪಕ್ಕ ಕೂತಿದ್ದವನು ಒಂದು ಸಲವೂ ಇಳಿದು ಹೋಗಿ ಕೇಳಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ತೆರೆದ, ಮಾತಿನ ಬದಲು ಅಳು ಬಂತು. ಚೈತನ್ಯ ಓಡಿಹೋಗಿ ಅಜ್ಜಿಯನ್ನು ಕರೆತಂದಳು.