ಜೈನಾಬೀಯ ಒಳಕೋಣೆಗೆ ನೆಟ್ ಬಂದದ್ದು

ಮುಕ್ಕುಂದದ ಗದ್ದೆಯ ಕೆಸರು ತುಳಿದು ಬೆಳೆದವಳು ಜೈನಾಬೀ. ಶಾಲೆ ಬೇಗ ಬಿಟ್ಟಳು. ತಾಯಿ ಮೆಹಬೂಬ್‌ಬೀ ಸಿಂಧನೂರಿನ ಅಕ್ಕಿ ಗಿರಣಿಯ ಸದ್ದಿನಲ್ಲಿ ದುಡಿದು ದುಡಿದು ಎರಡೂ ಕಿವಿ ಕಳೆದುಕೊಂಡಿದ್ದಳು. ಹಾಗಾಗಿ ತಾಯಿ ಮಗಳ ಮಾತೆಲ್ಲ ಕೈಯಲ್ಲೇ. ಮಳೆಗೆ ಬೆರಳು ಉದುರಿಸುವುದು, ಊಟಕ್ಕೆ ಬೆರಳು ಕೂಡಿಸುವುದು. ಬೈಗುಳಕ್ಕೂ ಕೈ ಇತ್ತು. ಅದು ಬಲು ಚುರುಕು.

ಮದುವೆಯಾಗಿ ಮಸ್ಕಿಗೆ ಬಂದಳು. ಗಂಡ ನಬೀಸಾಬ್ ಬೀದಿ ಬದಿಯ ಅಂಗಡಿಯಲ್ಲಿ ಝೆರಾಕ್ಸ್ ತೆಗೆದ, ಇವಳು ಹಿಂದಿನ ಮನೆಯಲ್ಲಿ ಕೌದಿ ಹೊಲಿದಳು. ಮಕ್ಕಳಾಗಲಿಲ್ಲ. ಅದಕ್ಕೆ ಒಬ್ಬರನ್ನೊಬ್ಬರು ದೂರಲೂ ಇಲ್ಲ. ಕಡೆಗೆ ನಬೀಸಾಬನಿಗೆ ಉಸಿರಿನ ಕಾಯಿಲೆ ಹಿಡಿಯಿತು. ಈ ಬೇಸಿಗೆಯಲ್ಲಿ ಹೋದ.

ಜೈನಾಬೀ ಇದ್ದತ್ತಿಗೆ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಮೈದುನ ಇಶ್ತಿಯಾಕನೂ ಅದರಲ್ಲಿ ಪರಗಂಡಸೇ. ಅಂಗಳದಲ್ಲಿ ನಿಂತು ಪರದೆಯಾಚೆಯಿಂದ ಮಾತಾಡಬೇಕು.

ಅತ್ತ ಮುಕ್ಕುಂದದಲ್ಲಿ ಮೆಹಬೂಬ್‌ಬೀ ಹಾಸಿಗೆ ಹಿಡಿದಿದ್ದಳು. ಅಳಿಯನ ಮಣ್ಣಿಗೆ ಬರಲಾಗಲಿಲ್ಲ. ಮಗಳು ಹೋಗುವಂತಿಲ್ಲ. ಕಿವುಡಿಗೆ ಫೋನಿನಲ್ಲಿ ಕೂಗಿ ಫಲವೇನು? ಮುಖ ಕಾಣಬೇಕು, ಕೈ ಕಾಣಬೇಕು. ಜೈನಾಬೀಯ ಅಣ್ಣನ ಮಗಳು ತಮನ್ನಾ ಅಲ್ಲಿಂದ ವಿಡಿಯೊ ಹಚ್ಚಿ ನೋಡಿದಳು. ಆದರೆ ಇಲ್ಲಿ ವೈಫೈ ಪೆಟ್ಟಿಗೆ ಮುಂದಿನ ಅಂಗಡಿಯಲ್ಲಿತ್ತು. ನಡುವೆ ಅಂಗಳ, ಆಮೇಲೆ ಮೊಳದಗಲದ ಮಣ್ಣಿನ ಗೋಡೆ. ಮೊಬೈಲಿನ ಸಿಗ್ನಲ್ಲೂ ಒಳಕೋಣೆಗೆ ಸರಿಯಾಗಿ ಬಾರದು. ತಾಯಿಯ ಮುಖ ಚೂರು ಚೂರಾಗಿ ನಿಂತುಬಿಡುತ್ತಿತ್ತು. ಇಶ್ತಿಯಾಕ ಮೇಲಿಂದ ವೈರು ಎಳೆಸಿದ. ಗುಡ್ಡದ ಮಂಗಗಳು ಅದಕ್ಕೆ ಜೋತಾಡಿ ಹರಿದು ಹಾಕಿದವು.

ಒಂದು ದಿನ ತಮನ್ನಾ ಇಶ್ತಿಯಾಕನಿಗೆ ಫೋನು ಮಾಡಿದಳು. ಅವನು ಪರದೆಯ ಹತ್ತಿರ ಬಂದು ಹೇಳಿದ: "ಭಾಬಿ, ನಿಮ್ಮಮ್ಮ ಊಟ ಬಿಟ್ಟಾಳಂತ್ರಿ. ಮಗಳ ಮಾರಿ ತೋರ್ಸ್ರಿ ಅಂತ ಕೈ ಮಾಡಾಕತ್ತಾಳಂತ."

ಮಾರನೆಯ ದಿನವೇ ಅವನು ಸಿಂಧನೂರಿಗೆ ಹೋಗಿ ಎರಡು ಸಣ್ಣ ಡಬ್ಬಿ ತಂದ. ಕರೆಂಟಿನ ತಂತಿಯೊಳಗೇ ನೆಟ್ ಹರಿಸುವ ಜೋಡಿ. ಒಂದನ್ನು ಅಂಗಡಿಯ ವೈಫೈ ಪೆಟ್ಟಿಗೆಗೆ ಜೋಡಿಸಿದ. ಇನ್ನೊಂದನ್ನು ಪರದೆಯ ಕೆಳಗಿನಿಂದ ಒಳಗೆ ತಳ್ಳಿದ.

"ನೀವೇ ಚುಚ್ಚಬೇಕ್ರಿ ಭಾಬಿ. ದೀಪ ಹತ್ತೈತೇನ್ರೀ?"

"ಹತ್ತೈತಪ. ಕೆಂಪು."

"ಕೆಂಪು ಬ್ಯಾಡ್ರಿ, ಹಸರು ಬೇಕು."

"ಅದಕ್ಕ ನಾ ಏನ್ ಬಣ್ಣ ಬಳೀಲೇನು?"

"ಎದಕ್ಕ ಚುಚ್ಚೀರಿ?"

"ಬಾಕ್ಸಿಗೆ. ಫ್ಯಾನು, ಫ್ರಿಜ್ಜು, ಚಾರ್ಜರು ಎಲ್ಲಾ ಅದ್ರಾಗ ಅದಾವಲ್ಲ, ಅದಕ್ಕ."

"ಆ ಸಂತ್ಯಾಗ ಅದು ನಡ್ಯಂಗಿಲ್ರಿ. ಗ್ವಾಡಿ ಬೋರ್ಡಿಗೇ ಚುಚ್ಚಬೇಕು."

ಜೈನಾಬೀ ಡಬ್ಬಿ ಕಿತ್ತು ಗೋಡೆಯ ಕಡೆ ತಿರುಗಿದಳು. ಗೋಡೆಯಲ್ಲಿ ಇದ್ದವು ಎರಡೇ ಪಾಯಿಂಟು. ಒಂದರಲ್ಲಿ ಆ ಬಾಕ್ಸು.

"ಚುಚ್ಚಿದ್ರೇನ್ರಿ ಭಾಬಿ?"

"ಇನ್ನೊಂದ್ರಾಗ ನಿಮ್ಮಣ್ಣನ ಮಷೀನ್ ಐತಿ."

ಆಕ್ಸಿಜನ್ ಮಷೀನು. ಗಂಡ ಹೋದಂದಿನಿಂದ ಅದರ ಪ್ಲಗ್ಗು ಅಲ್ಲೇ ಇತ್ತು. ಕಸ ಗುಡಿಸಲು ಬಂದವರನ್ನೂ ಅವಳು ಆ ಮೂಲೆಗೆ ಬಿಟ್ಟಿರಲಿಲ್ಲ.

ಹೊರಗೆ ಇಶ್ತಿಯಾಕ ಒಂದು ಹೆಜ್ಜೆ ಹಿಂದೆ ಸರಿದ. "ಬಿಡ್ರಿ ಹಂಗಾರ. ಇದ್ದತ್ ಮುಗೀಲಿ. ವೈರ್‌ಮನ್ ಕರ್ಸಿ ಹೊಸಾ ಪಾಯಿಂಟ್ ಹಾಕಸ್ತೀನಿ."

"ಅಲ್ಲೀತನ ನಮ್ಮಮ್ಮ ಇರ್ತಾಳೇನಪ?"



ಜೈನಾಬೀ ಎದ್ದಳು. ಪ್ಲಗ್ಗು ಬಿಗಿಯಾಗಿ ಕೂತಿತ್ತು. ಎರಡೂ ಕೈ ಹಾಕಿ ಎಳೆದಳು. ಬಂತು. ಮಷೀನಿನ ವೈರು ಸುತ್ತಿ ಅದರ ಮೇಲೇ ಇಟ್ಟಳು. ಡಬ್ಬಿ ಚುಚ್ಚಿದಳು. ದೀಪ ಮಿಣಮಿಣ ಎಂದು ಹಸಿರಾಗಿ ನಿಂತಿತು.

"ಹಸರಾತು," ಎಂದಳು. ಇಶ್ತಿಯಾಕ ಅಂಗಡಿಗೆ ಹೋದ.

ಜೈನಾಬೀ ವಿಡಿಯೊ ಹಚ್ಚಿದಳು. ತಮನ್ನಾಳ ಮುಖ ಕಂಡಿತು. "ಫುಪ್ಪೂ! ತಡಿ, ದಾದಿಗೆ ಕೊಡ್ತೀನಿ," ಎಂದು ಅತ್ತೆಗೆ ಹೇಳಿ ಫೋನನ್ನು ಅಜ್ಜಿಯ ಮುಂದೆ ಹಿಡಿದಳು.

ಮೆಹಬೂಬ್‌ಬೀ ಮಗಳನ್ನು ನೋಡಿದಳು. ಬಳೆಯಿಲ್ಲದ ಬರಿಗೈ ನೋಡಿದಳು. ಬಂದವರೆಲ್ಲ ಜೈನಾಬೀಗೆ ಸಬರ್ ಮಾಡು, ತಾಳಿಕೋ ಎಂದಿದ್ದರು. ಮುದುಕಿ ಅದನ್ನು ಹೇಳಲಿಲ್ಲ. ಕೈ ಎತ್ತಿ ಮಗುಚಿದಳು: ಹೇಗೆ ಹೋದ?

ಇದನ್ನು ಯಾರೂ ಕೇಳಿರಲಿಲ್ಲ. ಜೈನಾಬೀ ಫೋನನ್ನು ಕೌದಿಗೆ ಒರಗಿಸಿದಳು, ಎರಡೂ ಕೈ ಬೇಕಾಗಿತ್ತು. ಎದೆ ಏರುವುದನ್ನು ತೋರಿಸಿದಳು. ಇಳಿಯುವುದನ್ನು ತೋರಿಸಿದಳು. ನೀರು ಕುಡಿಸಿದ್ದು, ತಲೆ ತೊಡೆಯ ಮೇಲಿಟ್ಟುಕೊಂಡದ್ದು, ಅವನ ಬೆರಳು ತನ್ನ ಬೆರಳಿನಿಂದ ಜಾರಿದ್ದು. ಉಸಿರು ನಿಂತ ಮೇಲೂ ಮಷೀನು ಗುರ್ ಎನ್ನುತ್ತಲೇ ಇತ್ತು. ಅದನ್ನು ಕೈಯಲ್ಲಿ ಹೇಳಲು ಬರಲಿಲ್ಲ. ಬೆರಳೊಂದನ್ನು ಗಾಳಿಯಲ್ಲಿ ಕೆಳಕ್ಕೆ ಒತ್ತಿದಳು. ಸ್ವಿಚ್ ಆರಿಸಿದವಳು ಅವಳೇ.

ಮೆಹಬೂಬ್‌ಬೀ ಪೂರ್ತಿ ನೋಡಿದಳು. ಚಿತ್ರ ಒಂದು ಸಲವೂ ಕಡಿಯಲಿಲ್ಲ. ಆಮೇಲೆ ಅವಳು ಕೈ ಚಾಚಿ ಮಗಳ ಕೆನ್ನೆ ಒರೆಸಲು ಬಂದಳು. ಫೋನಿನ ತುಂಬ ಅಂಗೈಯೇ ಕಂಡಿತು, ಗೆರೆ ಬಿದ್ದ ಒರಟು ಅಂಗೈ.

ಜೈನಾಬೀ ಗಂಡ ಸತ್ತ ಮೇಲೆ ಮೊದಲ ಸಲ ದನಿ ತೆಗೆದು ಅತ್ತಳು.